ಅಕ್ಕೂರಿನ ತಕ್ಕಡಿ ಮತ್ತು ಅಸ್ರಾ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ಎಲೆಕ್ಟ್ರಾನಿಕ್ ತಕ್ಕಡಿಗಳ ಅಂಗಡಿ ನಡೆಸುವ ಅಸ್ರಾ, ರೇಷ್ಮೆ ನೂಲು ತೆಗೆಯುವ ಮನೆತನದಲ್ಲಿ 9 ಜುಲೈ 1990ರಂದು ಹುಟ್ಟಿದವಳು. ಡಿಪ್ಲೊಮಾ ಮುಗಿಸಿದ ಮೇಲೆ ತಕ್ಕಡಿಯೊಳಗೆ ಲೆಕ್ಕ ಮಾಡುವ ಪ್ರೋಗ್ರಾಮನ್ನೂ ತಾನೇ ಬರೆಯತೊಡಗಿದಳು. ಗೂಡು ಬೆಳೆಯುವವರೂ ಕೊಳ್ಳುವವರೂ ಒಟ್ಟಿಗೆ ನಂಬುವ ತಕ್ಕಡಿ ಅವಳದೆಂಬ ಹೆಸರಿತ್ತು.

ಆ ಹೆಸರು 12 ನವೆಂಬರ್ 2024, ಮಂಗಳವಾರದಂದು, ಅಕ್ಕೂರಿನ ಬೆಳೆಗಾರರ ಸಂಘದಲ್ಲಿ ವಿಚಾರಣೆಗೆ ನಿಂತಿತು. ಸಂಘದ ತಕ್ಕಡಿಯ ಚಿಪ್ ಆಗಸ್ಟ್‌ನಲ್ಲಿ ಸುಟ್ಟುಹೋಗಿ, ಅವಳ ಅಂಗಡಿಯಲ್ಲಿ ಹೊಸದನ್ನು ಹಾಕಿಕೊಟ್ಟಿದ್ದರು. ಅಂದಿನಿಂದ ತೂಕ ಕಡಿಮೆ ಬರುತ್ತಿದೆಯೆಂಬುದು ಬೆಳೆಗಾರ ಗವಿಸಿದ್ದಯ್ಯನವರ ದೂರು. ಅಕ್ಕೂರಿನವರು ಕೈಬಿಟ್ಟರೆ ಸುತ್ತಲಿನ ಊರುಗಳೂ ಅಂಗಡಿಯನ್ನು ಬಿಡುವುದು ನಿಶ್ಚಿತವಾಗಿತ್ತು.

ತಕ್ಕಡಿ ಕೊಂಡಾಗಿನ ಪ್ರೋಗ್ರಾಮ್ ಫೈಲಿನ ಒಂದು ಪ್ರತಿ ಸಂಘದ ಅಧ್ಯಕ್ಷೆ ಚನ್ನಬಸಮ್ಮನವರ ಬಳಿ ಪೆನ್‌ಡ್ರೈವಿನಲ್ಲಿತ್ತು. ಅದನ್ನೂ ಹೊಸ ಚಿಪ್‌ನಿಂದ ತೆಗೆದ ಫೈಲನ್ನೂ ಹೋಲಿಸಿದಾಗ ಎರಡೂ ಬೇರೆಯೆಂದು ಲ್ಯಾಪ್‌ಟಾಪ್, ವ್ಯತ್ಯಾಸವಿದ್ದಲ್ಲೆಲ್ಲ ಕೆಂಪು ಮಾಡಿ, ತೋರಿಸಿತು.

“ನಿಮ್ಮಂಗ್ಡೀಲಿ ಪ್ರೋಗ್ರಾಮಿನ ಒಂದಕ್ಷರಾನೂ ಮುಟ್ಟಿಲ್ಲ ಅಂದ್ಯಲ್ಲಮ್ಮ. ಇದೇನ್ ಮತ್ತೆ?” ಎಂದರು ಗವಿಸಿದ್ದಯ್ಯ.

“ಒಸಿ ತಡೀರಿ ಸಿದ್ದಯ್ಯನೋರೇ. ನಿಮ್ ಕಣ್ಮುಂದೇನೇ ತೋರಿಸ್ತೀನಿ.”

ಅಸ್ರಾ ಪ್ರೋಗ್ರಾಮಿನ ಒಂದೇ ಮೂಲ ಬರಹವನ್ನು ಸ್ವಲ್ಪ ಅಂತರ ಬಿಟ್ಟು ಎರಡು ಬಾರಿ ಕಂಪೈಲ್ ಮಾಡಿ, ಚಿಪ್ ಓದುವ ಫೈಲಾಗಿಸಿದಳು. ಆ ಎರಡು ಫೈಲುಗಳೂ ಪರಸ್ಪರ ಹೊಂದಲಿಲ್ಲ. ಕಂಪೈಲ್ ಆದ ದಿನಾಂಕವೂ ವೇಳೆಯೂ ಫೈಲಿನೊಳಗೇ ಅಚ್ಚಾಗುತ್ತವೆಂದು ವಿವರಿಸಿದಳು. ಸಂಘದ ಪ್ರತಿಯಲ್ಲಿ 3 ಮಾರ್ಚ್ 2022 ಎಂದಿತ್ತು. ಚಿಪ್‌ನಿಂದ ತೆಗೆದುದರಲ್ಲಿ 21 ಆಗಸ್ಟ್ 2024.

“ಅಂದ್ರೆ ತಾರೀಖು ಬೇರೆ, ಒಳಗಿರೋದು ಒಂದೇ ಅನ್ನು,” ಎಂದು ಚನ್ನಬಸಮ್ಮ ನಿರಾಳರಾದರು. “ಏನಪ್ಪಾ ಸಿದ್ದಯ್ಯ, ನಿನ್ ಹುಳ ಸೊಪ್ಪು ತಿಂದಿಲ್ದೇ ಇದ್ರೆ ತಕ್ಕಡಿ ಏನ್ ಮಾಡ್ತದೆ? ಹುಡ್ಗೀನ ಸುಮ್ಸುಮ್ನೆ ಕಳ್ಳಿ ಮಾಡ್ಬುಟ್ಟೆ!”

ಸೇರಿದವರು ನಕ್ಕರು. ಅಸ್ರಾಳ ತಮ್ಮ ಅಜರ್ ಆಗಲೇ ವೈರು ಸುತ್ತತೊಡಗಿದ.

ಅಸ್ರಾ ನಗಲಿಲ್ಲ. ದಿನಾಂಕದ ಸಾಲುಗಳನ್ನು ದಾಟಿ, ಬಹಳ ಕೆಳಗೆ, ಇನ್ನೊಂದು ಅಂಕಿ ಕೆಂಪಾಗಿತ್ತು. ಅದನ್ನು ಕಂಡವಳು ಅವಳೊಬ್ಬಳೇ. ಲ್ಯಾಪ್‌ಟಾಪ್ ಮುಚ್ಚಿದ್ದರೆ ವಿಚಾರಣೆ ಅಲ್ಲಿಗೇ ಮುಗಿಯುತ್ತಿತ್ತು.

“ಇನ್ನೊಂದೈತೆ,” ಎಂದಳು. “ಹಳೇದ್ರಲ್ಲಿ ಹದಿನೈದು, ಇದ್ರಲ್ಲಿ ಇಪ್ಪತ್ತು. ಇದು ತಾರೀಖಲ್ಲ. ಎರಡೂ ಒಂದೇ ಬರಹದಿಂದ ಬಂದಿಲ್ಲ.”

ಅದು ಗೂಡು ತುಂಬಿದ ಬುಟ್ಟಿಯ ತೂಕದಿಂದ ಬುಟ್ಟಿಯದನ್ನು ಕಳೆಯುವ ಅಂಕಿ: ಹದಿನೈದೆಂದರೆ ಒಂದೂವರೆ ಕಿಲೋ, ಇಪ್ಪತ್ತೆಂದರೆ ಎರಡು. ಆಗಸ್ಟ್‌ನಲ್ಲಿ ಅಸ್ರಾ ಹೆರಿಗೆಗೆ ಹೋಗಿದ್ದಾಗ ಅಂಗಡಿ ನೋಡಿಕೊಂಡವನು ಅಜರ್.

“ಏನ್ ಮಾಡ್ದೆ ಅಜರ್?”

“ಬುಟ್ಟಿ ಹೋಗಿ ಪ್ಲಾಸ್ಟಿಕ್ ಟ್ರೇ ಬಂತಲ್ಲ ಆಪಾ. ಟ್ರೇ ಎರಡು ಕೆಜಿ ಅಂತ ಎಲ್ರೂ ಅಂತಿದ್ರು. ಅದಕ್ಕೇ...”

“ತೂಗಿ ನೋಡಿದ್ಯಾ?”

ಗವಿಸಿದ್ದಯ್ಯ ಖಾಲಿ ಟ್ರೇಯೊಂದನ್ನು ಎದುರಿನ ಕಿರಾಣಿ ಅಂಗಡಿಗೆ ಒಯ್ದು, ಎಲ್ಲರ ಮುಂದೆ ತೂಗಿಸಿದರು: ಒಂದು ಕಿಲೋ ಏಳುನೂರು ಗ್ರಾಂ.

“ಟ್ರೇಗೆ ಮುನ್ನೂರು ಗ್ರಾಂ ಗೂಡು ನಮ್ದು ಹೋಯ್ತು,” ಎಂದರು. “ಇನ್ಮೇಲೆ ನಮ್ ತಕ್ಕಡಿ ನಿನ್ನಂಗ್ಡಿ ಮೆಟ್ಲು ಹತ್ತಾಕಿಲ್ಲ ಕಣಮ್ಮ.”

ಈ ಬಾರಿ ಚನ್ನಬಸಮ್ಮನವರೂ ಅವರನ್ನು ತಡೆಯಲಿಲ್ಲ. ಅಸ್ರಾ ತಲೆಯಾಡಿಸಿ ಒಪ್ಪಿಕೊಂಡಳು. ಬಳಿಕ ತಮ್ಮನತ್ತ ತಿರುಗಿದಳು.

“ಬೈರಾಪಟ್ಟಣದೋರ ತಕ್ಕಡೀಗೂ ಈ ಇಪ್ಪತ್ತನ್ನೇ ಹಾಕಿದ್ದೀಯಾ?”

“ಹೂಂ ಆಪಾ.”

“ಹೊರಡು. ಅಲ್ಲಿ ಇವತ್ತಿನ ತೂಕ ಶುರುವಾಗೋಕೆ ಮುಂಚೆ ಆ ತಕ್ಕಡೀನ ನಿಲ್ಲಿಸ್ಬೇಕು.”