ಹಣಿಗೆಯ ಹಿಂದಿನ ಹುಲ್ಲು

ಅಮ್ಮನ ಧಾರೆಸೀರೆಯನ್ನು ಸುತ್ತಿಟ್ಟಿದ್ದ ಬಟ್ಟೆಯನ್ನು ಹೋದ ವಾರ ಬಿಚ್ಚಿದೆ. ಮಗ್ಗದಿಂದ ಇಳಿಸಿದ ಹಾಗೇ ಇದ್ದ, ಒಮ್ಮೆಯೂ ನೀರು ಕಾಣದ ಎರಡು ಗಜ ಹತ್ತಿಬಟ್ಟೆ. ಗಂಜಿಯ ಹಳೆಯ ವಾಸನೆ ಸ್ವಲ್ಪ ಉಳಿದಿತ್ತು. ಕಿಟಕಿಯ ಬೆಳಕಿಗೆ ಹಿಡಿದಾಗ ಅಂಚಿನಿಂದ ಒಂದು ಗೇಣು ಒಳಗೆ ಕಂದು ಬಣ್ಣದ್ದೇನೋ ಕಂಡಿತು. ಹುಳುವಿರಬೇಕೆಂದು ಉಗುರಿನಿಂದ ಕೆರೆದೆ, ಬರಲಿಲ್ಲ. ಕನ್ನಡಕ ಹಾಕಿಕೊಂಡು ನೋಡಿದರೆ ಹುಲ್ಲಿನ ತೆನೆ. ಎಳೆಗಳ ನಡುವೆ ಸಿಕ್ಕಿಕೊಂಡು, ಬಟ್ಟೆಯ ಜೊತೆಗೇ ನೇಯ್ದುಹೋಗಿತ್ತು...

ಆ ಬಟ್ಟೆ ನಮ್ಮ ಮನೆಗೆ ಬಂದದ್ದು ಹೇಗೆಂದು ನನಗೆ ಗೊತ್ತು. ಇಷ್ಟು ವರ್ಷ ಅಮ್ಮನ ಪೆಟ್ಟಿಗೆಯಲ್ಲೇ ಇತ್ತೆಂಬುದು ಮಾತ್ರ ಗೊತ್ತಿರಲಿಲ್ಲ.

ಎಂಬತ್ತರ ದಶಕದಲ್ಲಿ ನಾವು ಕೊಯಮತ್ತೂರಿನ ಹತ್ತಿರದ ಸೋಮನೂರಿನಲ್ಲಿದ್ದೆವು. ನಮ್ಮ ಗೋಡೆಗೆ ಅಂಟಿದ ಮನೆಯಲ್ಲಿ ಒಬ್ಬ ಅತ್ತೆ ಇದ್ದರು. ನೆಂಟರಲ್ಲ, ನೆರೆಯವರು, ಆದರೂ ನನಗೆ ಅವರು ಅತ್ತೆಯೇ. ಗಂಡ ಹೋದ ಮೇಲೆ ಮೈದುನನ ಮನೆಯಲ್ಲಿ ಉಳಿದಿದ್ದರು. ಮೈದುನನಿಗೆ ನಾಲ್ಕು ಪವರ್‌ಲೂಮುಗಳಿದ್ದವು. ಜವಳಿ ವ್ಯಾಪಾರಿ ಹಾಸುನೂಲು ಸುತ್ತಿದ ಬೀಮು ಕೊಡುತ್ತಿದ್ದ, ಇವರು ಬಟ್ಟೆ ನೇಯ್ದು ಪೀಸು ಲೆಕ್ಕದಲ್ಲಿ ಒಪ್ಪಿಸುತ್ತಿದ್ದರು. ಮಗ್ಗದ ಶೆಡ್ಡಿಗೆ ಸೇರಿದ ಕೋಣೆಯಲ್ಲಿ ಅತ್ತೆ ದಿನವಿಡೀ ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದರು. ಅದೇ ಕೋಣೆಯ ಮೂಲೆಯಲ್ಲಿ ಎರಡು ಬೂದುಬಣ್ಣದ ಮೊಲಗಳು. ಹೊರಗೆ ಬಿಟ್ಟರೆ ಬೀದಿನಾಯಿಗಳ ಕಾಟ. ಮಗ್ಗದ ಸದ್ದಿನಲ್ಲೇ ವರ್ಷಗಟ್ಟಲೆ ಕೂತು ಅತ್ತೆಯ ಕಿವಿ ಮಂದವಾಗಿತ್ತು. ಮೊಲವನ್ನೇ ಯಾಕೆ ಸಾಕಿದಿರಿ ಎಂದು ನಾನು ಕೇಳಿದ್ದಕ್ಕೆ, "ಇವಕ್ಕೆ ಬಾಯಿಲ್ಲ, ನಂಗೆ ಕಿವಿಯಿಲ್ಲ. ಜೋಡಿ ಸರಿಹೋಯ್ತು, ಕಣ್ಣು" ಎಂದು ಮುದ್ದಿನಿಂದ ಕರೆದು ಹೇಳಿದ್ದರು.

ಹಾಗೆಯೇ ಅಂದರೋ ಇಲ್ಲವೋ... ಆಗಿನ ನನ್ನ ಡೈರಿಗಳಿವೆ, ಆದರೆ ತಮಿಳಿನಲ್ಲಿವೆ. ಮನೆಮಾತು ಕನ್ನಡವಾದರೂ ಶಾಲೆಯಲ್ಲಿ ಓದಿದ್ದು ತಮಿಳು, ಕನ್ನಡ ಅಕ್ಷರ ನಾನು ಕಲಿತದ್ದು ಮೂವತ್ತು ದಾಟಿದ ಮೇಲೆ. ಅವರು ಕನ್ನಡದಲ್ಲಿ ಆಡಿದ್ದನ್ನು ನಾನು ತಮಿಳಿನಲ್ಲಿ ಬರೆದೆ, ಈಗ ಮತ್ತೆ ಕನ್ನಡಕ್ಕೆ ತರುತ್ತಿದ್ದೇನೆ. ದಾರಿಯಲ್ಲಿ ಎಷ್ಟು ಉದುರಿತು, ಎಷ್ಟು ಅಂಟಿಕೊಂಡಿತು ಹೇಳಲಾರೆ.

ತೊಂದರೆಯೆಲ್ಲ ಹುಲ್ಲಿನದು. ಅನ್ನೂರಿನ ತವರಿನಲ್ಲಿದ್ದ ಅಣ್ಣನ ಹೊಲದಿಂದ ಅತ್ತೆ ಒಣಗಿದ ಕೊಳುಕಟ್ಟೆ ಹುಲ್ಲಿನ ಕಟ್ಟು ತರಿಸುತ್ತಿದ್ದರು. ಅದರ ತೆನೆ ಮೆತ್ತಗೆ, ನವಿರುನವಿರಾಗಿ, ಬಟ್ಟೆ ಸೋಕಿದರೆ ಸಾಕು ಅಂಟಿಕೊಳ್ಳುತ್ತದೆ. ಮೊಲಗಳು ಒಂದು ಕಡ್ಡಿ ತಿನ್ನಲು ಹತ್ತು ಕಡ್ಡಿ ಎಳೆದು ಹರಡುತ್ತಿದ್ದವು. ಒಮ್ಮೆ ಪೀಸಿನಲ್ಲಿ ಹುಲ್ಲು ಸೇರಿ ವ್ಯಾಪಾರಿ ಮುಖ ಸಿಂಡರಿಸಿದ. ಅಂದು ಮೈದುನ ಬಾಗಿಲಲ್ಲಿ ನಿಂತು, "ಅತ್ತಿಗೆ, ಇನ್ನೊಂದ್ಸಲ ಪೀಸಲ್ಲಿ ಹುಲ್ಲು ಬಂದ್ರೆ ಮುಯಲು ಈ ಮನೇಲಿ ಇರಲ್ಲ. ಈಗಲೇ ಹೇಳ್ಬಿಟ್ಟೆ" ಅಂದರು. ಮೊಲಕ್ಕೆ ಅವರ ಬಾಯಲ್ಲಿ ತಮಿಳಿನ ಮುಯಲು ಎಂದೇ.

"ನಿನ್ನ ಬೀಡಿ ಬೂದಿ ಬಂದ್ರೆ ಯಾರನ್ನ ಓಡಿಸ್ತೀಯಪ್ಪ?" ಎಂದು ಅತ್ತೆ ಕಂಡಿಕೆಯಿಂದ ತಲೆ ಎತ್ತದೆ ಕೇಳಿದರು. ಮೈದುನ ನಕ್ಕುಬಿಟ್ಟರು. ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಆಮೇಲೆ ಅತ್ತೆ ಹುಲ್ಲಿನ ಹಿಂದೆ ಬಿದ್ದರು. ಮೊದಲು ಬುಟ್ಟಿಯಲ್ಲಿಟ್ಟರು, ಮೊಲಗಳು ಬುಟ್ಟಿಯೊಳಗೇ ಹತ್ತಿ ಕೂತವು. ಹಗ್ಗದಲ್ಲಿ ಕಟ್ಟಿ ತೂಗುಬಿಟ್ಟರು. ಒಂದೇ ಎಳೆತಕ್ಕೆ ಅರ್ಧ ಕಟ್ಟು ಕೆಳಗೆ. ಕೊನೆಗೆ ಶೆಡ್ಡಿನಲ್ಲಿ ಬಿದ್ದಿದ್ದ ಸವೆದ ಹಣಿಗೆಯೊಂದನ್ನು ಎತ್ತಿಕೊಂಡು ಬಂದರು. ಹಣಿಗೆಯೆಂದರೆ ಮಗ್ಗದಲ್ಲಿ ಹಾಸಿನ ಎಳೆಗಳು ಹಾದುಬರುವ ಉಕ್ಕಿನ ಬಾಚಣಿಗೆ. "ನೂಲನ್ನ ಒಂದೊಂದೇ ಬಿಡತ್ತಲ್ಲ, ಹುಲ್ಲನ್ನ ಬಿಡಲ್ವಾ?" ಎಂದು ಇಕ್ಕಳದಿಂದ ಅದರ ಕಡ್ಡಿಗಳನ್ನು ಕೀಳತೊಡಗಿದರು. ಒಂದು ಬೆರಳು ತೂರುವಷ್ಟು ಸಂದಿಗೊಂದು ಕಡ್ಡಿ ಉಳಿಸಿ, ಉಳಿದದ್ದನ್ನೆಲ್ಲ ಕಿತ್ತರು. ಅದನ್ನು ಮೊಲದ ಗಲ್ಲದ ಎತ್ತರಕ್ಕೆ ಗೋಡೆಗೆ ಓರೆಯಾಗಿ ಮೊಳೆ ಹೊಡೆದು ನಿಲ್ಲಿಸಿ, ಹಿಂದೆ ಹುಲ್ಲು ತುಂಬಿದರು. ಮೊಲ ಮೂತಿ ಚಾಚಿ ಒಂದು ಕಡ್ಡಿ ಹಿಡಿದು ಎಳೆಯಿತು. ಒಂದೇ ಕಡ್ಡಿ ಬಂತು.

ಅಷ್ಟಕ್ಕೆ ನಿಲ್ಲಿಸಲಿಲ್ಲ. ಮೊಲಗಳು ತಿನ್ನುತ್ತಲೇ ಹಿಕ್ಕೆ ಹಾಕುವುದನ್ನು ಗಮನಿಸಿ, ಹಣಿಗೆಯ ನೇರ ಕೆಳಗೆ ಕಂಡಿಕೆಯ ಹಳೆಯ ಮರದ ಪೆಟ್ಟಿಗೆಯಿಟ್ಟು ಗೋಣಿ ಹಾಸಿದರು. ಉದುರಿದ ಹುಲ್ಲೂ ಹಿಕ್ಕೆಯೂ ಒಂದೇ ಕಡೆ. ಸಂಜೆ ಗೋಣಿಯನ್ನು ನುಗ್ಗೆಮರದ ಬುಡದಲ್ಲಿ ಕೊಡವಿದರೆ ಮುಗಿಯಿತು. ಹುಲ್ಲು ಒಳಗೆ ಬರುವ ಮುಂಚೆ ಹಿತ್ತಲಲ್ಲಿ ಬಡಿಯಬೇಕು, ತೆನೆ ಉಜ್ಜಿ ಉದುರಿಸಬೇಕು. ಶೆಡ್ಡಿನ ಹೊಸ್ತಿಲಿಗೆ ಒದ್ದೆ ಗೋಣಿ. ಎಲ್ಲಕ್ಕಿಂತ ಮುಖ್ಯ, ಹುಲ್ಲು ಮುಟ್ಟಿದವರು ಶೆಡ್ಡಿನೊಳಗಿಂದ ಹಾಯಬಾರದು, ಹಿತ್ತಲು ಸುತ್ತಿ ಹೋಗಬೇಕು. ಅವರೇ ಹಾಗೆ ಸುತ್ತುತ್ತಿದ್ದರು, ಮಂಡಿನೋವಿದ್ದರೂ. ತಿಂಗಳುಗಟ್ಟಲೆ ಪೀಸಿನಲ್ಲಿ ಒಂದು ಕಡ್ಡಿಯೂ ಬರಲಿಲ್ಲ.

ಅನ್ನೂರಿನ ಅಣ್ಣನಿಗೆ ಹುಷಾರಿಲ್ಲವೆಂದು ಅತ್ತೆ ಎರಡು ದಿನಕ್ಕೆ ಹೊರಟಾಗ ಮೊಲಗಳನ್ನು ನನಗೆ ಒಪ್ಪಿಸಿದರು. ನಾನು ಕಾಲೇಜಿನ ಎರಡನೇ ವರ್ಷ, ಎದುರಿಗೆ ಪರೀಕ್ಷೆ. "ಬಿಎ ಓದೋಳಿಗೆ ಹುಲ್ಲು ಹಾಕಕ್ಕೆ ಪಾಠ ಹೇಳ್ಬೇಕಾ? ಆದ್ರೂ ಹೇಳ್ತೀನಿ, ಸುತ್ತಾಕ್ಕೊಂಡು ಹೋಗು" ಅಂದು ಟೌನ್‌ಬಸ್ಸು ಹತ್ತಿದರು.

ಮೊದಲ ದಿನ ಎಲ್ಲವನ್ನೂ ಹೇಳಿದ ಹಾಗೆ ಮಾಡಿದೆ. ಎರಡನೇ ದಿನ ಮಧ್ಯಾಹ್ನ ಹುಲ್ಲನ್ನು ಬಡಿಯಲಿಲ್ಲ, ಕಟ್ಟು ಬಿಚ್ಚಿ ಹಾಗೇ ತುಂಬಿದೆ. ಹಿತ್ತಲಿನ ನೆಲ ಕಾದಿತ್ತು, ಕಾಲಲ್ಲಿ ಚಪ್ಪಲಿಯಿರಲಿಲ್ಲ. ಒದ್ದೆ ಗೋಣಿಯ ಮೇಲೆ ಪಾದ ಒರೆಸಿಕೊಂಡು, ಮಗ್ಗಗಳ ನಡುವಿನಿಂದ ಬೇಗಬೇಗ ನಡೆದು ಬೀದಿಗೆ ಬಂದೆ. ಪಾದ ಒರೆಸಿದ್ದೇ ಸಾಕೆಂದುಕೊಂಡೆ. ಆ ದಿನದ ಡೈರಿಯಲ್ಲಿ ಮೊಲಗಳಿಗೆ ಹುಲ್ಲು ಹಾಕಿದೆ ಎಂದಷ್ಟೇ ಇದೆ.

ಸಂಜೆ ಅತ್ತೆ ಬಂದರು. ಅಣ್ಣ ಚೇತರಿಸಿಕೊಂಡರೆಂದು ಹೇಳುತ್ತ ನನ್ನ ಪಕ್ಕ ಕೂತವರು ಬಗ್ಗಿ, ನನ್ನ ದಾವಣಿಯ ಅಂಚಿನಿಂದ ಒಂದು ತೆನೆ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡರು. ಇದು ನನಗೆ ಸ್ಪಷ್ಟವಾಗಿ ಕಾಣುತ್ತದೆ. ಸ್ಪಷ್ಟವಾಗಿ ಕಾಣುವುದರಿಂದಲೇ ಅನುಮಾನ. ಆಮೇಲೆ ಆದದ್ದಕ್ಕೆ ಸರಿಹೊಂದಲೆಂದು ನಾನೇ ಈ ತೆನೆಯನ್ನು ಅಂಟಿಸಿಕೊಂಡೆನೇ...

ವಾರದೊಳಗೆ ಪೀಸು ವಾಪಸ್ಸು ಬಂತು. ಮೈದುನ ಅದನ್ನು ಜಗುಲಿಯ ಮಂಚದ ಮೇಲೆ ಹರಡಿದರು. ಅಲ್ಲಲ್ಲಿ ಕಂದು ಚುಕ್ಕೆಗಳು. ವ್ಯಾಪಾರಿ ಮುಂದಿನ ಬೀಮು ಕೊಡುವುದಿಲ್ಲವೆಂದಿದ್ದ. ಕೂಗಾಡಲಿಲ್ಲ ಅವರು. ದಣಿದ ದನಿಯಲ್ಲಿ, "ಅತ್ತಿಗೆ, ಇದು ನೀವು ಅನ್ನೂರಲ್ಲಿದ್ದಾಗ ಇಳಿಸಿದ ಪೀಸು. ಹುಲ್ಲು ಯಾರು ಹಾಕಿದ್ದು? ಬೇರೆಯೋರ ತಪ್ಪಾದ್ರೆ ಹೇಳಿ, ಮುಯಲಿನ ಮಾತು ಬಿಟ್ಬಿಡ್ತೀನಿ" ಅಂದರು.

ನಾನು ನಮ್ಮ ಬಾಗಿಲಲ್ಲಿ ಅಮ್ಮನ ಪಕ್ಕ ನಿಂತಿದ್ದೆ.

"ಯಾರೂ ಇಲ್ಲ. ಹೋಗೋ ಮುಂಚೆ ನಾನೇ ಎರಡು ದಿನಕ್ಕಾಗೋಷ್ಟು ತುಂಬಿಟ್ಟು ಹೋದೆ. ಅವಸರದಲ್ಲಿ ಕೊಡವಲಿಲ್ಲ" ಅಂದರು ಅತ್ತೆ. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಬಾಯಿ ಬಿಡುತ್ತಿದ್ದೆ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಈಗ ಹಾಗೆ ನಂಬಲು ಶಕ್ತಿಯಿಲ್ಲ.

ಮರುದಿನ ಮೈದುನ ಮೊಲಗಳನ್ನು ಬುಟ್ಟಿಯಲ್ಲಿ ಹಾಕಿಕೊಂಡು, ಶರವಣಂಪಟ್ಟಿಯ ಕಡೆ ತೋಟವಿದ್ದ ಪರಿಚಯದವರೊಬ್ಬರಿಗೆ ಕೊಟ್ಟು ಬಂದರು. ಕಲೆಯಾದ ಪೀಸನ್ನು ಕತ್ತರಿಸಿ ಅಕ್ಕಪಕ್ಕದ ಮನೆಗಳಿಗೆ ಹಂಚಿದರು. ಅಮ್ಮ ತನ್ನ ಪಾಲನ್ನು ಮಡಿಸಿ ಒಳಗಿಟ್ಟಳು. ಅತ್ತೆ ಕಂಡಿಕೆ ಸುತ್ತುವುದು ಮುಂದುವರಿಯಿತು. ಗೋಡೆಯ ಹಣಿಗೆಯನ್ನು ಅವರು ಕೀಳಲಿಲ್ಲ, ಅದರ ಹಿಂದಿನ ಹುಲ್ಲನ್ನೂ ತೆಗೆಯಲಿಲ್ಲ. ನಾನು ಹೋದಾಗಲೆಲ್ಲ ಅದು ಕಾಣುತ್ತಿತ್ತು. ಹೋಗುವುದನ್ನು ಕಡಿಮೆ ಮಾಡಿದೆ. ಪರೀಕ್ಷೆ ಇದೆ ಅನ್ನುತ್ತಿದ್ದೆ. ಒಮ್ಮೆ ಹೇಳಿಬಿಡೋಣವೆಂದು ಹೋಗಿ, ಮಗ್ಗದ ಸದ್ದಿನಲ್ಲಿ ಅವರಿಗೆ ಕೇಳಬೇಕಾದರೆ ಕೂಗಿ ಹೇಳಬೇಕಲ್ಲ ಎಂದುಕೊಂಡು, ಸುಮ್ಮನೆ ಕಾಫಿ ಕುಡಿದು ಎದ್ದು ಬಂದೆ.

ನನಗೆ ಕೊಯಮತ್ತೂರಿನಲ್ಲಿ ಕೆಲಸ ಸಿಕ್ಕ ವರ್ಷವೇ ಅತ್ತೆ ತೀರಿಕೊಂಡರು. ಸುದ್ದಿ ಬಂದದ್ದು ಎಲ್ಲ ಮುಗಿದ ಮೇಲೆ. ಅವರಿಗೆ ಗೊತ್ತಿತ್ತೋ, ಗೊತ್ತಿದ್ದೇ ನನ್ನನ್ನು ಬಿಟ್ಟುಕೊಡಲಿಲ್ಲವೋ, ಅಥವಾ ನಿಜವಾಗಿಯೂ ತಮ್ಮದೇ ತಪ್ಪೆಂದುಕೊಂಡಿದ್ದರೋ... ಕೇಳಬೇಕಾದವರು ಇಲ್ಲ. ಹೇಳಬೇಕಾಗಿದ್ದವಳು ಹೇಳಲಿಲ್ಲ.

ಸೂಜಿ ತಂದು ತೆನೆಯನ್ನು ಬಿಡಿಸಲು ನೋಡಿದೆ. ನವಿರು ಪುಡಿಯಾಗಿ ಬೆರಳಿಗೆ ಬಂತು, ಕಡ್ಡಿ ಮಾತ್ರ ಎಳೆಗಳ ನಡುವೆಯೇ ಉಳಿಯಿತು. ಅಲ್ಲಿಗೆ ಬಿಟ್ಟೆ. ಸೀರೆಯನ್ನು ಅದೇ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟೆ. ಏಳುವ ಮುಂಚೆ, ಯಾಕೋ, ಉಟ್ಟ ಸೀರೆಯ ಅಂಚನ್ನು ಎತ್ತಿ ಸುತ್ತಲೂ ನೋಡಿಕೊಂಡೆ. ಏನೂ ಅಂಟಿರಲಿಲ್ಲ.