ಗುಡಗೇರಿಯ ಶೇರುದಾರಳು

ಅಕ್ಕೋರ ಬಲಗೈಯ ತೋರುಬೆರಳು ತುದಿಯಲ್ಲಿ ಸೊಟ್ಟಗಿತ್ತು. ಚಿಕ್ಕಂದಿನಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕ ಬೆರಳದು. ತರಗತಿಯಲ್ಲಿ ಒಬ್ಬಳನ್ನು ತೋರಿಸಿ ಪ್ರಶ್ನೆ ಕೇಳಿದರೆ ಪಕ್ಕದವಳು ಎದ್ದು ನಿಲ್ಲುತ್ತಿದ್ದಳು. "ಎದ್ದೀಯಲ್ಲ, ಇನ್ನ ನೀನಽ ಹೇಳು," ಎಂದು ಅವಳನ್ನೇ ಹಿಡಿಯುತ್ತಿದ್ದರು.

ನಾನು ಗುಡಗೇರಿಯ ಶಾಲೆಗೆ ಶಿಕ್ಷಕಿಯಾಗಿ ಹೊಸದಾಗಿ ಸೇರಿದಾಗ ಅವರು ಅಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಗೋಡೆಯ ಮೇಲೆ ಬುದ್ಧನ ಪಟ. ಅವರ ಓಣಿಯಿಂದ ನೌಕರಿ ಹಿಡಿದ ಮೊದಲ ಹೆಣ್ಣುಮಗಳು. ನಮ್ಮದೋ, ಅದೇ ಊರಿನಲ್ಲಿ ಅವರ ಹಿರಿಯರನ್ನು ಅಂಗಳ ದಾಟದಂತೆ ನಿಲ್ಲಿಸಿದ್ದಂಥ ಮನೆತನ. ಮೊದಲ ಸಲ ಅವರ ಮನೆಗೆ ಹೋದಾಗ ಅವರು ಆ ಮಾತನ್ನು ನೇರವಾಗಿಯೇ ಹೇಳಿ, ಚಹಾ ಸೋಸಿ, "ಕುಡೀತೀಯೋ, ಇಲ್ಲೋ?" ಎಂದು ಕೇಳಿದರು. ಕುಡಿದೆ. ಅಂದಿನಿಂದ ನಾನು ಅವರಿಗೆ ತಂಗಿಯಾದೆ.

ಒಂದು ಸಂಜೆ ಅವರು ಪೇಪರಿನಲ್ಲಿ ಒಂದು ಸುದ್ದಿ ತೋರಿಸಿದರು. ಶಾಲೆಗಳಿಗೆ ಪ್ರೊಜೆಕ್ಟರ್ ಮಾಡುವ ಮುಂಬಯಿಯ ಕಂಪನಿಯೊಂದು ಇನ್ನು ಹೊಸ ಬಗೆಯ ಪ್ರೊಜೆಕ್ಟರ್ ತಯಾರಿಸಲಿತ್ತು. ಅದಕ್ಕೆ ರೀಲು ಬೇಕಿಲ್ಲ. ಕಂಪ್ಯೂಟರಿನೊಳಗಿನ ಚಿತ್ರವನ್ನೇ ಗೋಡೆಯ ಮೇಲೆ ಬಿಡುತ್ತದೆ. ನಮ್ಮಲ್ಲಿ ಕಂಪ್ಯೂಟರ್ ಕಂಡವರೇ ಇರಲಿಲ್ಲ. ಅಕ್ಕೋರು ಮಾತ್ರ ಬಂಗಾರದ ಬಳೆಗೆಂದು ಕೂಡಿಟ್ಟದ್ದನ್ನೆಲ್ಲ ಒಯ್ದು, ಹುಬ್ಬಳ್ಳಿಯ ದಲ್ಲಾಳಿಯ ಮೂಲಕ ಆ ಕಂಪನಿಯ ಶೇರು ಕೊಂಡರು.

"ಅದನ್ನಽ ಯಾಕ್ರಿ ಅಕ್ಕೋರ?" ಎಂದೆ.

"ನಾ ಸಣ್ಣಾಕಿದ್ದಾಗ ಸರಕಾರದ ಜೀಪಿನ್ಯಾಗ ಸಿನೆಮಾ ತರತಿದ್ರು. ನಮ್ಮ ಓಣಿಯವರನ್ನ ಪರದೆ ಹಿಂದ ಕುಂದ್ರಸ್ತಿದ್ರು. ಅಕ್ಷರ ಎಲ್ಲಾ ಉಲ್ಟಾ ಕಾಣ್ತಿದ್ದುವು. ಮುಂದ ಕುಂದ್ರಾಕ ಬಿಡಲಿಲ್ಲ. ಈಗ ಮಿಷಿನ್ನಿನ್ಯಾಗಽ ನಂದೊಂದು ಪಾಲೈತಿ."

ಸುದ್ದಿ ಊರೆಲ್ಲ ಹರಡಿತು. ಸಂತೆಯ ದಿನ ಕಾಳಿನ ವ್ಯಾಪಾರದ ಸಾವಕಾರರು ಅಂಗಡಿಯಿಂದಲೇ ಕೂಗಿದರು. "ಏನ್ರಿ ಅಕ್ಕೋರ, ನಿಮ್ಮ ಮಂದಿಗೆ ಶೇರು ಅಂದ್ರ ಜ್ವಾಳಾ ಅಳಿಯೂ ಶೇರಽ ಗೊತ್ತಿತ್ತು. ಇದ್ಯಾವ ಶೇರು?"

"ಆ ಶೇರು ಯಾವತ್ತೂ ನಿಮ್ಮ ಕೈಯಾಗಽ ಇತ್ತಲ್ರಿ ಸಾವಕಾರ್ರ, ಹೆಂಗ ಅಳದ್ರಿ ಅನ್ನೂದೂ ಗೊತ್ತೈತಿ. ಅದಕ್ಕಽ ನಿಮ್ಮ ಕೈ ಮುಟ್ಟಲಾರದ್ದು ತಗೊಂಡೀನಿ."

ಸಂತೆ ನಕ್ಕಿತು. ಸಾವಕಾರರು ನಗಲಿಲ್ಲ.

ಮರುವರ್ಷ ಕಂಪನಿಯ ವಾರ್ಷಿಕ ಸಭೆಗೆ ಕರೆ ಬಂತು. ಅಂಥ ಕರೆ ಎಲ್ಲ ಶೇರುದಾರರಿಗೂ ಬರುತ್ತದೆ, ಯಾರೂ ಹೋಗುವುದಿಲ್ಲ ಎಂದು ದಲ್ಲಾಳಿ ಹೇಳಿದ. ಅಕ್ಕೋರು ಹೊರಟೇಬಿಟ್ಟರು, ನನ್ನನ್ನೂ ಎಳೆದುಕೊಂಡು. ರೊಟ್ಟಿ, ಶೇಂಗಾಚಟ್ನಿ ಕಟ್ಟಿಕೊಂಡು ಗುಡಗೇರಿಯಲ್ಲಿ ರೈಲು ಹತ್ತಿದೆವು. ಮಿರಜದಲ್ಲಿ ಗಾಡಿ ಬದಲಿಸಿ ಮುಂಬಯಿ ಸೇರಿದೆವು.

ಸಭಾಗೃಹದ ಬಾಗಿಲಲ್ಲಿದ್ದವನು ಅಕ್ಕೋರ ಇಳಕಲ್ ಸೀರೆಯನ್ನೂ ಕೈಯಲ್ಲಿದ್ದ ಬುತ್ತಿಗಂಟನ್ನೂ ನೋಡಿ, ಯಜಮಾನರು ಎಲ್ಲಿ ಎಂದು ಕೇಳಿದ. "ಯಜಮಾನ ನಾನಽ," ಎಂದು ಕನ್ನಡದಲ್ಲಿಯೇ ಹೇಳಿ ಒಳಗೆ ನಡೆದರು. ಅವನಿಗೆ ಏನು ತಿಳಿಯಿತೋ, ದಾರಿ ಬಿಟ್ಟ.

ಅಧ್ಯಕ್ಷರು ಲಾಭದ ಮಾತಾಡಿದರು. ಇನ್ನು ಶಾಲೆಗಳ ಪ್ರೊಜೆಕ್ಟರ್ ನಿಲ್ಲಿಸಿ, ದೊಡ್ಡ ಹೋಟೆಲುಗಳಿಗೂ ಕಚೇರಿಗಳಿಗೂ ಬೇಕಾದ ಹೊಸ ಯಂತ್ರವನ್ನಷ್ಟೇ ಮಾಡುವ ಠರಾವು ಮುಂದಿಟ್ಟರು. ಅಕ್ಕೋರು ಎದ್ದು ನಿಂತರು. ಅವರ ಹಿಂದಿಯಲ್ಲಿ ಅರ್ಧ ಕನ್ನಡವಿತ್ತು, ಆದರೆ ಪ್ರಶ್ನೆ ಸ್ಪಷ್ಟವಿತ್ತು: ಹೊಸ ಯಂತ್ರ ಹಳ್ಳಿಯ ಶಾಲೆಗೆ ಯಾವಾಗ ಬರುತ್ತದೆ?

ಅಧ್ಯಕ್ಷರು ನಕ್ಕು, ಅದು ಹಳ್ಳಿಗಾಗಿ ಮಾಡಿದ್ದಲ್ಲ ಎಂದರು.

"ಹಾಗಿದ್ದರೆ ಹಳ್ಳಿಯ ರೊಕ್ಕ ಯಾಕೆ ತೆಗೆದುಕೊಂಡಿರಿ?"

ಅಧ್ಯಕ್ಷರು ಹಾಳೆ ತಿರುವಿ, ಕೈ ಎತ್ತಿಸಿ ಠರಾವು ಪಾಸು ಮಾಡಿಸಿದರು. ವಿರೋಧ ಯಾರದು ಎಂದು ಕೇಳಿದಾಗ ಇಡೀ ಸಭೆಯಲ್ಲಿ ಒಂದೇ ಕೈ ಮೇಲಿತ್ತು. ನನ್ನ ಪಕ್ಕದಲ್ಲಿದ್ದ ಆ ಕೈ, ಎಣಿಸಿ ಬರೆದುಕೊಳ್ಳುವವರೆಗೂ ಇಳಿಯಲಿಲ್ಲ.

ಹೊರಗೆ ಬಂದು ಬಾಗಿಲ ಮುಂದಿನ ಪಾವಟಿಗೆಗಳ ಮೇಲೆ ಕೂತು ರೊಟ್ಟಿ ಬಿಚ್ಚಿದೆವು. "ಸೋತ್ವಲ್ರಿ ಅಕ್ಕೋರ," ಎಂದೆ.

"ವಿರೋಧ ಒಂದು ಅಂತ ಬರಕೊಂಡ್ರಿಲ್ಲೋ? ಎಲ್ಲಾರೂ ಹೂಂ ಅಂದ್ರು ಅಂತ ಇನ್ನ ಅವರು ಎಲ್ಲೂ ಹೇಳಾಕಾಗೂದಿಲ್ಲ. ಚಟ್ನಿ ಹಚಗೋ."

ಆ ಕಂಪನಿ ಬಹಳ ದಿನ ಬಾಳಲಿಲ್ಲ. ಹೊರದೇಶದ ಯಂತ್ರಗಳ ಮುಂದೆ ಅವರದು ನಿಲ್ಲದೆ ಬಾಗಿಲು ಮುಚ್ಚಿತು. ಶೇರು ರದ್ದಿ ಕಾಗದಕ್ಕೆ ಸಮನಾಯಿತು. ಸಾವಕಾರರು ಮರುಕ ತೋರಿಸಲು ಮನೆಯವರೆಗೂ ಬಂದರು.

"ಬಂಗಾರರೆ ಮಾಡಿಸಿದ್ರ ಉಳೀತಿತ್ತಲ್ರಿ."

"ಉಳೀತಿತ್ರಿ. ಆದ್ರ ಬಂಗಾರಾ ಹಾಕ್ಕೊಂಡು ನಾ ಯಾವ ಸಭಾದಾಗ ಎದ್ದು ಕೇಳ್ತಿದ್ದೆ, ಹೇಳ್ರಿ? ಹೋಗಿದ್ದು ನಂದು. ನೀವ್ಯಾಕ ಸೊರಗ್ತೀರಿ?"

ಅವರು ಹೋದಮೇಲೆ ಅಕ್ಕೋರು ಶೇರಿನ ಕಾಗದಗಳನ್ನು ತೆಗೆದು ನೋಡಿ ಮತ್ತೆ ಮಡಚಿಟ್ಟರು. ನೋವಾಗಿತ್ತು, ಅದನ್ನು ಮುಚ್ಚಿಡಲೂ ಇಲ್ಲ. ಮುಂದಿನ ಪಗಾರ ಬಂದಾಗ ಮತ್ತೆ ಹುಬ್ಬಳ್ಳಿಗೆ ಹೋಗಿ, ಪ್ರೊಜೆಕ್ಟರಿನ ಮಸೂರ ಮಾಡುವ ಇನ್ನೊಂದು ಕಂಪನಿಯ ಶೇರು ಕೊಂಡು ಬಂದರು. "ಒಬ್ಬ ಮುಳುಗಿದ ಅಂತ ಬೆಳಕು ನಿಲ್ಲೂದಿಲ್ಲ ತಂಗೀ," ಎಂದರು.

ನಿವೃತ್ತಿಗೆ ಮೊದಲೇ ಕಾಯಿಲೆ ಅವರನ್ನು ಒಯ್ದಿತು. ಹೆಣ ಎತ್ತುವಾಗ ನಮ್ಮ ಮನೆಯ ಹಿರಿಯರು ಹಾದಿಯಲ್ಲಿ ನಿಂತು, ನಮ್ಮ ಪೈಕಿಯವರು, ಅದರಲ್ಲೂ ಹೆಣ್ಣುಮಗಳು, ಅಲ್ಲಿಗೆ ಹೋಗಬಾರದು ಎಂದು ನನ್ನನ್ನು ತಡೆದರು. ನಾನು ಅವರನ್ನು ದಾಟಿ ಚಟ್ಟದ ಹತ್ತಿರ ಹೋದೆ.

"ಸ್ವಲ್ಪ ಸರೀರಿ," ಎಂದೆ. ಅವರ ಓಣಿಯ ಗಂಡಸರು ನನ್ನ ಮುಖ ನೋಡಿ ಸರಿದರು. ಹೆಗಲು ಕೊಟ್ಟೆ.