ಅವ್ವನ ಕೊರಳು, ಅತ್ತಿಯ ಎಡಗಾಲು

ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಅದು ಮೆಣಸಿನಕಾಯಿ ಒಣಹಾಕುವ ಕಾಲವೆಂದು ನನ್ನ ನೆನಪು; ಅಲ್ಲ, ಕುಸುಬಿ ಬಡಿಯುತ್ತಿದ್ದರು ಎನ್ನುತ್ತಾನೆ ತಮ್ಮ. ಎಂಬತ್ತರ ದಶಕದ ನಡುವೆ, ಕುಂದಗೋಳ ತಾಲೂಕಿನ ನಮ್ಮೂರಲ್ಲಿ, ಒಂದು ಮುಂಜಾನೆ ಅವ್ವನಿಗೆ ಹಾಸಿಗೆಯಿಂದ ಏಳಲಾಗಲಿಲ್ಲ ಎಂಬುದರಲ್ಲಿ ಮಾತ್ರ ನಮ್ಮಿಬ್ಬರಿಗೂ ತಕರಾರಿಲ್ಲ.

ಕುತ್ತಿಗೆ ಅತ್ತಿತ್ತ ಹೊರಳುತ್ತಿರಲಿಲ್ಲ. ಮೈ ಸುಡುತ್ತಿತ್ತು. ಕರೆದರೆ ಕಣ್ಣುಗುಡ್ಡೆ ಮಾತ್ರ ಹೊರಳಿಸುತ್ತಿದ್ದಳು. ಓಣಿಯವರೆಲ್ಲ ದಿಂಬಿನ ತಪ್ಪೆಂದರು. ಯಾರೋ ದಿಂಬನ್ನು ಬಿಸಿಲಿಗೂ ಹಾಕಿದರು. ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದಿದ್ದ ನನಗೆ, ಜ್ವರದ ಜೊತೆ ಕುತ್ತಿಗೆ ಸೆಟೆದರೆ ಮೆದುಳು ಜ್ವರವೆಂಬುದಷ್ಟೇ ಗೊತ್ತಿತ್ತು. ಹುಬ್ಬಳ್ಳಿಗೆ ಒಯ್ಯೋಣವೆಂದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವರಿಗೆ ಅತ್ತಿ ಇದ್ದಳು. ಅಪ್ಪನ ತಂಗಿ, ಅದೇ ಓಣಿಯವಳು, ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರು ಎಡಗಾಲಿನಿಂದ ಒದ್ದರೆ ಉಳುಕು ಬಿಡುತ್ತದೆಂಬ ನಂಬಿಕೆ. ಸುತ್ತಲಿನ ಊರಿನ ಗಂಡಸರೂ ಬಂದು ಅವಳ ಮುಂದೆ ಬೆನ್ನು ಬಗ್ಗಿಸುತ್ತಿದ್ದರು. ಆದರೆ ಇದು ಬೆನ್ನಲ್ಲ, ಕೊರಳು. ಅಲ್ಲಿ ಅವ್ವನ ಶಿವದಾರವಿತ್ತು, ಅದಕ್ಕೆ ಕಟ್ಟಿದ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ. ಅದಿರುವ ಕೊರಳಿಗೆ ಅತ್ತಿ ಕಾಲು ತಾಗಿಸಲಾರಳು. ಅವ್ವ ಅದನ್ನು ತೆಗೆಯಲಾರಳು.

"ವೈನಿ, ಸ್ವಲ್ಪ ಹೊತ್ತು ತೋಳಿಗೆ ಕಟ್ಟಿಕೊಳ್ರಿ," ಎಂದಳು ಅತ್ತಿ.

"ನಿನ್ನ ಕಾಲು ಬಿದ್ದ ಮ್ಯಾಲೆ ಮತ್ತ ಯಾವ ಕೊರಳಿಗೆ ಹಾಕ್ಕೊಳ್ಳಲಿ?" ಅವ್ವ ಹಲ್ಲು ಕಚ್ಚಿಕೊಂಡೇ ಕೇಳಿದಳು.

ನಾನು ರೇಗಿದೆ. ಒದ್ದರೆ ಎಲುಬು ಮುರಿದೀತು ಎಂದೆ.

"ಹಂಗಂತ ನಿನ್ನ ಪುಸ್ತಕದಾಗ ಬರದೈತೇನ?" ಎಂದಳು ಅತ್ತಿ.

ಬರೆದಿತ್ತೋ ಇಲ್ಲವೋ, ನನಗೂ ಗೊತ್ತಿರಲಿಲ್ಲ.

ಕೊನೆಗೆ ನಾನೇ ಬಾಡಿಗೆ ಕಾರು ಹುಡುಕಿಕೊಂಡು ಗುಡಗೇರಿಗೆ ಹೋದೆ. ಸಂತೆಯ ದಿನ, ಸಿಗುವಷ್ಟರಲ್ಲಿ ಮಧ್ಯಾಹ್ನ. ತಿರುಗಿ ಬಂದಾಗ ಓಣಿಯವರು ಚದುರಿದ್ದರು. ಅತ್ತಿಯೊಬ್ಬಳೇ ಅವ್ವನ ಬಾಜು ಕೂತು ಗಂಜಿ ಕುಡಿಸುತ್ತಿದ್ದಳು. ಶಿವದಾರ ಕೊರಳಲ್ಲೇ ಇತ್ತು, ಆದರೆ ಗಂಟು ಹೊಸದಾಗಿ ಬಿಗಿದಂತೆ ಕಂಡಿತು. ಅಥವಾ ಹಾಗೆ ಕಂಡಿತೆಂದು ಆಮೇಲೆ ನಾನೇ ಸೇರಿಸಿಕೊಂಡೆನೋ.

ಹುಬ್ಬಳ್ಳಿಯ ಡಾಕ್ಟರು ಬೆನ್ನಿನ ನೀರು ತೆಗೆಸಿ ನೋಡಿ, ಮೆದುಳು ಜ್ವರವಲ್ಲ, ವಯಸ್ಸಿನ ಸವೆತ ಎಂದು ಗುಳಿಗೆ ಬರೆದರು. ವಾರದೊಳಗೆ ಅವ್ವ ಕುತ್ತಿಗೆ ಹೊರಳಿಸಿ ನನ್ನನ್ನು ಬೈಯುವಂತಾದಳು. ಓಣಿಯವರು ಅತ್ತಿಯ ಕಾಲ್ಗುಣವೆಂದರು, ನಾನು ಗುಳಿಗೆಯೆಂದೆ. ಅವ್ವ ಯಾವುದೆಂದೂ ಹೇಳದೆಯೇ ಕೆಲವು ವರ್ಷಗಳ ಮೇಲೆ ತೀರಿಕೊಂಡಳು.

ಬಹಳ ವರ್ಷಗಳ ನಂತರ ಪರಿಚಯದ ವೈದ್ಯರೊಬ್ಬರಿಗೆ ಇದನ್ನೆಲ್ಲ ಹೇಳಿದೆ. ವಯಸ್ಸಾದವರಲ್ಲಿ ಕುತ್ತಿಗೆಯ ಎಲುಬುಗಳನ್ನು ಹಿಡಿದಿಡುವ ನಾರಿನ ಕಟ್ಟುಗಳಲ್ಲಿ ಸಣ್ಣ ಹರಳುಗಳು ಕೂಡಿಕೊಂಡು, ಒಮ್ಮೆಲೇ ಇಂಥ ನೋವು, ಜ್ವರ ಬರುವುದುಂಟಂತೆ. ಬಹುಶಃ ಅದೇ ಇರಬೇಕು ಎಂದರು. ಗುಳಿಗೆಯಿಂದ ಇಳಿಯುತ್ತದೆ, ಕೆಲವೊಮ್ಮೆ ತಾನಾಗಿಯೂ. ನನಗೆ ಸಮಾಧಾನವಾಗಲಿಲ್ಲ, ಸಿಟ್ಟು ಬಂತು. ಹಾಗಾದರೆ ಅತ್ತಿಯ ಕಾಲೂ ಬೇಕಿರಲಿಲ್ಲ, ನನ್ನ ಜಗಳವೂ. ಅವ್ವ ಅವತ್ತು ಲಿಂಗ ಬಿಚ್ಚಿದ್ದೇ ನಿಜವಾದರೆ, ಬಿಚ್ಚಿದ್ದು ವ್ಯರ್ಥವೇ.

ಕಳೆದ ಸಲ ಊರಿಗೆ ಹೋದಾಗ ಅತ್ತಿ ಕಟ್ಟೆಯ ಮೇಲೆ ಕಡಲೆ ಹಸನು ಮಾಡುತ್ತಿದ್ದಳು. ಕಣ್ಣು ಮಂಜಾಗಿವೆ, ಕಿವಿ ಚೆನ್ನಾಗಿವೆ. ನನ್ನ ಮಾತು ಕೇಳಿಸಿತು, ಕೈ ಒಂದು ಗಳಿಗೆ ನಿಂತಿತು, ಮತ್ತೆ ಕಡಲೆಗೆ ಹೋಯಿತು. ನಾನು ಕೇಳಿದ್ದು ಇಷ್ಟೇ:

"ಅತ್ತಿ, ಅವತ್ತ ಅವ್ವ ಶಿವದಾರ ಬಿಚ್ಚಿದ್ಲೋ ಇಲ್ಲೋ?"